ಲ್ಯಾಟಿನ್ ತೊಟ್ಟಿಲಿನ ಕೂಸು: ಮಾಂಟೇನನ ಜೀವನ ಕಥೆ

ಬಿ.ಕಾಂ. ಓದುವ ಹುಡುಗನಿಗೆ ಗ್ರೀಕ್ ರೋಮನ್ ಗ್ರಂಥಗಳ ಉಸಾಬರಿ ಯಾಕೆ ಅಂತ ನಮ್ಮ ಸಂಘದ ಸಭೆಯಲ್ಲೇ ಇಬ್ಬರು ನಕ್ಕರು. ಅವರು ನಕ್ಕದ್ದರಲ್ಲಿ ತಪ್ಪೇನೂ ಇಲ್ಲ. ನಾನು ಹತ್ತನೇ ಇಯತ್ತೆಯವರೆಗೆ ಓದಿದ್ದು ಮುಂಬಯಿಯ ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಬಂದ ಮೇಲೆ ಎಲ್ಲವೂ ಇಂಗ್ಲಿಷು. ಮೊದಲನೇ ವರ್ಷ ತರಗತಿಯಲ್ಲಿ ಎದ್ದು ನಿಂತು ಒಂದು ಉತ್ತರ ಹೇಳಿದೆ. ಉತ್ತರ ಸರಿಯಿತ್ತು, ಉಚ್ಚಾರ ಸರಿಯಿರಲಿಲ್ಲ. ಹಿಂದಿನ ಬೆಂಚಿನವರೆಲ್ಲ ನಕ್ಕುಬಿಟ್ಟರು. ಅಂದಿನಿಂದ ನಾನು ತರಗತಿಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟೆ.

ಅಂಥ ದಿನಗಳಲ್ಲಿ ಇಂಗ್ಲಿಷ್ ಪಾಠ ಹೇಳುವ ಸರ್ ಒಬ್ಬರು, ಪ್ರಬಂಧ ಎಂಬ ಸಾಹಿತ್ಯ ಪ್ರಕಾರ ಹುಟ್ಟಿದ ಕಥೆ ಹೇಳಿದರು. ಅದನ್ನು ಹುಟ್ಟಿಸಿದವನು ಮಾಂಟೇನ್ ಎಂಬ ಫ್ರೆಂಚ್ ಮನುಷ್ಯನಂತೆ. ಅವನ ಮನೆತನದವರು ಉಪ್ಪುಮೀನಿನ ವ್ಯಾಪಾರ ಮಾಡಿ ಮೇಲೆ ಬಂದವರಂತೆ. ಎಲ್ಲಕ್ಕಿಂತ ಹೆಚ್ಚಾಗಿ, ಫ್ರೆಂಚ್ ಭಾಷೆಯ ಅಷ್ಟು ದೊಡ್ಡ ಲೇಖಕನ ಮೊದಲ ಭಾಷೆ ಫ್ರೆಂಚೇ ಅಲ್ಲವಂತೆ! ಇದನ್ನು ಕೇಳಿ ನನಗೆ ಕುತೂಹಲ ತಡೆಯಲಾಗಲಿಲ್ಲ. ಲೈಬ್ರರಿಯಿಂದ ಅವನ ಪ್ರಬಂಧಗಳ ಇಂಗ್ಲಿಷ್ ಅನುವಾದ ತಂದೆ. ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ನಾಲ್ಕು ತಿಂಗಳು ಓದಿದೆ. ಪ್ರಬಂಧ ಅಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆಯುವ ಪ್ರವಾಹದ ಹಾವಳಿ, ವಿಜ್ಞಾನದಿಂದ ಅನುಕೂಲ ಮತ್ತು ಅನಾನುಕೂಲಗಳು. ಈ ಮನುಷ್ಯನ ಪ್ರಬಂಧಗಳು ಬೇರೆಯೇ ಜಾತಿಯವು. ಅವನ ಬಾಳಿನ ಕಥೆಯನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ. ವಾಚಕರು ತಾಳ್ಮೆಯಿಂದ ಓದಬೇಕು.

ಜನನ ಮತ್ತು ಮನೆತನ

ಮಿಶೆಲ್ ದ ಮಾಂಟೇನ್ ಹುಟ್ಟಿದ್ದು 1533ರ ಫೆಬ್ರವರಿ 28ರಂದು, ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ಬೋರ್ಡೋ ನಗರದ ಪೂರ್ವಕ್ಕಿರುವ ಮಾಂಟೇನ್ ಎಂಬ ಜಹಗೀರಿನಲ್ಲಿ. ಮನೆತನದ ಹೆಸರು ಎಯ್ಕೆಮ್. ಬೋರ್ಡೋ ಬಂದರಿನಲ್ಲಿ ದ್ರಾಕ್ಷಾರಸ ಮತ್ತು ಉಪ್ಪುಮೀನಿನ ವ್ಯಾಪಾರ ಮಾಡಿ ಹಣ ಗಳಿಸಿದ ಜನ. ಮುತ್ತಜ್ಜ ರಾಮೊನ್ ಎಯ್ಕೆಮ್ 1477ರಲ್ಲಿ ಈ ಜಹಗೀರನ್ನು ಕೊಂಡನು. ವ್ಯಾಪಾರದವರು ನಿಧಾನವಾಗಿ ಜಮೀನುದಾರರಾದರು, ಆಮೇಲೆ ಗಣ್ಯರಾದರು. ಮಿಶೆಲನ ಕಾಲಕ್ಕೆ ಎಯ್ಕೆಮ್ ಎಂಬ ಹೆಸರನ್ನೇ ಕೈಬಿಟ್ಟು ಊರಿನ ಹೆಸರನ್ನು ಇಟ್ಟುಕೊಂಡದ್ದಾಯಿತು. ಅಂಗಡಿಯ ವಾಸನೆ ಹೋಗಲಿ ಅಂತಲೋ ಏನೋ!

ತಂದೆ ಪಿಯೆರ್ ಸೈನಿಕನಾಗಿ ಇಟಲಿಯ ಯುದ್ಧಗಳಿಗೆ ಹೋಗಿ ಬಂದವನು. ಆಗ ಇಟಲಿಯಲ್ಲಿ ಹಳೆಯ ಗ್ರೀಕ್ ಮತ್ತು ರೋಮನ್ ಗ್ರಂಥಗಳನ್ನು ಹುಡುಕಿ ತೆಗೆದು ಓದುವ ಉತ್ಸಾಹ ಜೋರಾಗಿತ್ತು. ಪಿಯೆರ್ ತಾನು ಹೆಚ್ಚು ಓದಿದವನಲ್ಲ. ಆದರೆ ಓದಿದವರನ್ನು ಕಂಡರೆ ಅವನಿಗೆ ದೇವರನ್ನು ಕಂಡಷ್ಟು ಭಕ್ತಿ. ತಾನು ಕಲಿಯಲಾಗದ್ದನ್ನು ಮಗ ಕಲಿಯಲಿ ಎಂಬ ಆಸೆ ನಮ್ಮ ತಂದೆತಾಯಂದಿರಿಗೆ ಇರುವಂತೆ ಅವನಿಗೂ ಇತ್ತು. ಆದರೆ ಅವನು ಮಾಡಿದ ಏರ್ಪಾಡು ಮಾತ್ರ ಬೇರೆ ಯಾರೂ ಮಾಡದಂಥದ್ದು.

ವಿಚಿತ್ರವಾದ ಬಾಲ್ಯ

ಮೊದಲು ಮಗುವನ್ನು ಹತ್ತಿರದ ಹಳ್ಳಿಯ ಬಡವರ ಮನೆಗೆ ಸಾಕಲು ಕೊಟ್ಟ. ಬಡವರ ಅನ್ನ ಉಂಡು ಬೆಳೆದರೆ ಮುಂದೆ ಅವರನ್ನು ಮರೆಯುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಮಗು ಮನೆಗೆ ಬಂದ ಮೇಲೆ, ಮಾತು ಬರುವುದಕ್ಕೂ ಮುಂಚೆ, ಒಬ್ಬ ಜರ್ಮನ್ ಪಂಡಿತನನ್ನು ತಂದಿಟ್ಟ. ಆ ಪಂಡಿತನಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತಿತ್ತು, ಫ್ರೆಂಚ್ ಒಂದು ಅಕ್ಷರವೂ ಬರುತ್ತಿರಲಿಲ್ಲ. ಮಗುವಿನ ಎದುರು ಲ್ಯಾಟಿನ್ ಬಿಟ್ಟು ಬೇರೆ ಮಾತಾಡಕೂಡದು ಅಂತ ಮನೆಯಲ್ಲಿ ಕಟ್ಟಪ್ಪಣೆಯಾಯಿತು. ತಾಯಿ, ತಂದೆ, ಆಳುಕಾಳುಗಳು, ದಾಸಿಯರು, ಎಲ್ಲರೂ ಮಗುವಿನೊಡನೆ ಮಾತಾಡಲು ಬೇಕಾಗುವಷ್ಟು ಲ್ಯಾಟಿನ್ ಕಲಿತರು. ಸುತ್ತಲ ಹಳ್ಳಿಗಳಿಗೂ ಅದು ಹಬ್ಬಿ, ಕೆಲವು ಹತ್ಯಾರುಗಳಿಗೆ ಲ್ಯಾಟಿನ್ ಹೆಸರುಗಳೇ ಉಳಿದುಕೊಂಡವು. ಆರು ವರ್ಷ ತುಂಬುವವರೆಗೆ ಹುಡುಗನಿಗೆ ತನ್ನ ಊರಿನ ಭಾಷೆ ಅರಬ್ಬಿಯಷ್ಟೇ ಅಪರಿಚಿತವಾಗಿತ್ತು. ಎಷ್ಟೋ ಶತಮಾನಗಳ ಹಿಂದೆಯೇ ತಾಯಂದಿರು ಜೋಗುಳ ಹಾಡುವುದನ್ನು ಬಿಟ್ಟಿದ್ದ ಭಾಷೆ ಆ ಒಂದು ಮನೆಯಲ್ಲಿ ಮತ್ತೆ ಮನೆಮಾತಾಯಿತು.

ಬೆಳಿಗ್ಗೆ ಮಗುವನ್ನು ತಟ್ಟನೆ ಎಬ್ಬಿಸಿದರೆ ಮೆದುಳಿಗೆ ಕೆಟ್ಟದ್ದೆಂದು ವಾದ್ಯ ನುಡಿಸಿ ಎಬ್ಬಿಸುತ್ತಿದ್ದರು. ಗ್ರೀಕ್ ಭಾಷೆಯನ್ನು ಮಣೆಯ ಆಟದ ರೂಪದಲ್ಲಿ ಕಲಿಸಲು ನೋಡಿದರು. ಆದರೆ ಗ್ರೀಕ್ ಅವನಿಗೆ ಕೊನೆಯವರೆಗೂ ಸರಿಯಾಗಿ ಹತ್ತಲಿಲ್ಲ.

ಆರನೆಯ ವಯಸ್ಸಿಗೆ ಬೋರ್ಡೋದ ಕಾಲೇಜ್ ದ ಗಿಯೆನ್ ಎಂಬ ಹೆಸರಾಂತ ಶಾಲೆಗೆ ಹಾಕಿದರು. ಅಲ್ಲಿಯ ಮೇಷ್ಟ್ರುಗಳಿಗೆ ಇವನ ಜೊತೆ ಲ್ಯಾಟಿನ್ನಿನಲ್ಲಿ ಮಾತಾಡಲು ಅಂಜಿಕೆ! ಅವರಿಗೆ ಅದು ವ್ಯಾಕರಣದ ಪುಸ್ತಕದಿಂದ ಬಂದದ್ದು, ಇವನಿಗೆ ಹಾಲಿನ ಜೊತೆ ಬಂದದ್ದು. ಆದರೆ ಶಾಲೆಯ ಉರುಹೊಡೆಯುವ ಪಾಠ, ಬೆತ್ತ ಇವುಗಳ ನಡುವೆ ಅವನ ಲ್ಯಾಟಿನ್ ಕೆಡುತ್ತಲೇ ಹೋಯಿತು. ಅವನನ್ನು ಉಳಿಸಿದ್ದು ಕದ್ದು ಓದಿದ ಒಂದು ಪುಸ್ತಕ. ಏಳೆಂಟು ವರ್ಷದ ಹುಡುಗ ರೋಮನ್ ಕವಿ ಓವಿಡನ ರೂಪಾಂತರದ ಕಥೆಗಳನ್ನು ಹಿಡಿದು ಆಟವನ್ನೂ ಮರೆತ. ಒಬ್ಬ ಉಪಾಧ್ಯಾಯ ಇದನ್ನು ಕಂಡೂ ಕಾಣದವನಂತೆ ಇದ್ದು, ಕದ್ದು ಓದುವ ರುಚಿ ಇನ್ನೂ ಹೆಚ್ಚುವಂತೆ ಮಾಡಿದ. ಓವಿಡ್ ಮುಗಿದ ಮೇಲೆ ವರ್ಜಿಲನ ಮಹಾಕಾವ್ಯ, ಅದಾದ ಮೇಲೆ ಟೆರೆನ್ಸ್ ಮತ್ತು ಪ್ಲಾಟಸರ ನಾಟಕಗಳು. ಆ ಉಪಾಧ್ಯಾಯ ಇಲ್ಲದಿದ್ದರೆ ಉಳಿದವರಂತೆ ತಾನೂ ಪುಸ್ತಕದ ದ್ವೇಷವನ್ನೊಂದೇ ಕಲಿತು ಹೊರಗೆ ಬರುತ್ತಿದ್ದೆ ಎಂಬುದು ಅವನ ಅಭಿಪ್ರಾಯ. ಹದಿಮೂರನೆಯ ವಯಸ್ಸಿಗೆ ಶಾಲೆ ಮುಗಿಯಿತು.

ಗೆಳೆಯ

ಮುಂದೆ ಕಾನೂನು ಓದಿ, ಎಳೆಯ ವಯಸ್ಸಿಗೇ ನ್ಯಾಯಾಧಿಕಾರಿಯಾದ. 1557ರಿಂದ ಬೋರ್ಡೋದ ನ್ಯಾಯಸಭೆಯಲ್ಲಿ ಅವನ ಕೆಲಸ. ಕೆಲಸದಲ್ಲಿ ಅವನಿಗೆ ಅಂಥ ಆಸಕ್ತಿ ಏನೂ ಇರಲಿಲ್ಲ. ಆದರೆ ಅಲ್ಲಿ ಒಬ್ಬ ಗೆಳೆಯ ಸಿಕ್ಕಿದ. ಅವನ ಹೆಸರು ಎತಿಯೆನ್ ದ ಲಾ ಬೊಯೆಸಿ. ಮಾಂಟೇನನಿಗಿಂತ ಎರಡು ಮೂರು ವರ್ಷ ದೊಡ್ಡವನು. ಗ್ರೀಕ್ ಚೆನ್ನಾಗಿ ಬಲ್ಲವನು. ಒಬ್ಬ ದೊರೆಯ ದಬ್ಬಾಳಿಕೆಗೆ ಲಕ್ಷಾಂತರ ಜನ ತಾವಾಗಿಯೇ ತಲೆ ಬಾಗಿಸುವುದೇಕೆ ಎಂದು ಕೇಳುವ ಬರಹವನ್ನು ಹುಡುಗನಾಗಿದ್ದಾಗಲೇ ಬರೆದವನು. ಇಬ್ಬರ ಸ್ನೇಹ ಮೊದಲ ಭೇಟಿಯಲ್ಲೇ ಗಟ್ಟಿಯಾಯಿತು.

ಆ ಸ್ನೇಹ ನಾಲ್ಕೈದು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. 1563ರ ಆಗಸ್ಟಿನಲ್ಲಿ ಲಾ ಬೊಯೆಸಿ ಹೊಟ್ಟೆಯ ಕಾಯಿಲೆಯಿಂದ ಮಲಗಿದ. ಅಂಟುರೋಗ ಇದ್ದರೂ ಇರಬಹುದು, ಹೆಚ್ಚು ಹೊತ್ತು ಹತ್ತಿರ ಇರಬೇಡ ಅಂತ ಅವನೇ ಎಚ್ಚರಿಸಿದರೂ ಮಾಂಟೇನ್ ಬಳಿಯಲ್ಲೇ ಉಳಿದ. ಆಗಸ್ಟ್ 18ರಂದು ಗೆಳೆಯ ತೀರಿಹೋದ. ಅವನಿಗೆ ಆಗಿದ್ದದ್ದು ಕೇವಲ 32 ವರ್ಷ. ಸಾಯುವಾಗ ತನ್ನ ಪುಸ್ತಕಗಳನ್ನೆಲ್ಲ ಮಾಂಟೇನನಿಗೆ ಬಿಟ್ಟುಹೋದ.

ಮಾಂಟೇನನ ಓದಿಗೆ ಇಲ್ಲಿಂದ ಬೇರೆಯೇ ಅರ್ಥ ಬಂತು ಅಂತ ನನಗೆ ಅನ್ನಿಸುತ್ತದೆ. ಮುಂದಿನ ವರ್ಷ ಅವನು ಲುಕ್ರೀಷಿಯಸ್ ಎಂಬ ರೋಮನ್ ಕವಿಯ ಗ್ರಂಥವನ್ನು ಅಕ್ಷರಕ್ಷರ ಬಿಡದೆ ಓದಿದ. ಲೋಕವೆಲ್ಲ ಕಣಗಳಿಂದ ಆಗಿದೆ, ಸಾವಿಗೆ ಅಂಜಬೇಕಾದ್ದಿಲ್ಲ ಎಂದು ವಾದಿಸುವ ಕಾವ್ಯ ಅದು. ಅವನು ಓದಿದ ಅದೇ ಪ್ರತಿ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪತ್ತೆಯಾಯಿತು. ಈಗ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಲೈಬ್ರರಿಯಲ್ಲಿದೆ. ಓದಿ ಮುಗಿಸಿದ ದಿನ 1564ರ ಅಕ್ಟೋಬರ್ 16 ಎಂದು ಅವನೇ ಅದರಲ್ಲಿ ಬರೆದಿಟ್ಟಿದ್ದಾನೆ. ಬಿಳಿಹಾಳೆಗಳ ಮೇಲೆ ಲ್ಯಾಟಿನ್ನಿನಲ್ಲಿ ಟಿಪ್ಪಣಿ, ಪದ್ಯಗಳ ಅಂಚಿನಲ್ಲಿ ಹೆಚ್ಚಾಗಿ ಫ್ರೆಂಚಿನಲ್ಲಿ ಟಿಪ್ಪಣಿ. ಗೆಳೆಯ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮೂವತ್ತೊಂದು ವರ್ಷದ ಮನುಷ್ಯ ಒಬ್ಬನೇ ಕೂತು ಸಾವಿನ ಮಾತನ್ನು ಸಾವಿರದ ಆರುನೂರು ವರ್ಷ ಹಿಂದಿನ ಕವಿಯೊಡನೆ ಆಡುತ್ತಿದ್ದ. ನನಗಂತೂ ಹಾಗೇ ಕಾಣುತ್ತದೆ.

ಗೆಳೆಯನ ಋಣವನ್ನು ಅವನು ಇನ್ನೊಂದು ರೀತಿಯಲ್ಲೂ ತೀರಿಸಿದ. ಲಾ ಬೊಯೆಸಿ ಗ್ರೀಕಿನಿಂದ ಫ್ರೆಂಚಿಗೆ ಕೆಲವು ಅನುವಾದಗಳನ್ನು ಮಾಡಿ ಇಟ್ಟಿದ್ದ. ಅವನ್ನು ಮಾಂಟೇನ್ 1571ರಲ್ಲಿ ಅಚ್ಚು ಹಾಕಿಸಿದ. ಅದರಲ್ಲಿ ಒಂದು ಜೆನೊಫನನ ಗೃಹಕೃತ್ಯದ ಗ್ರಂಥ. ನಾವು ಕಾಮರ್ಸಿನವರು ದಿನಾ ಬಾಯಲ್ಲಿ ಆಡುವ ಎಕನಾಮಿಕ್ಸ್ ಎಂಬ ಶಬ್ದ ಬಂದದ್ದು ಮನೆವಾರ್ತೆ ನಡೆಸುವುದು ಎಂಬರ್ಥದ ಗ್ರೀಕ್ ಶಬ್ದದಿಂದಲೇ, ಆ ಗ್ರಂಥದ ಹೆಸರೂ ಅದೇ. ಎರಡು ವರ್ಷ ಎಕನಾಮಿಕ್ಸ್ ಓದಿದರೂ ನನಗೆ ಇದು ಗೊತ್ತಿರಲಿಲ್ಲ.

ಇನ್ನೊಂದು, ಪ್ಲುಟಾರ್ಕ್ ತನ್ನ ಹೆಂಡತಿಗೆ ಬರೆದ ಸಮಾಧಾನದ ಪತ್ರ. ತಾನು ಊರಲ್ಲಿ ಇಲ್ಲದಾಗ ಪುಟ್ಟ ಮಗಳು ತೀರಿಕೊಂಡಳೆಂದು ತಿಳಿದು ಪ್ಲುಟಾರ್ಕ್ ಬರೆದದ್ದು. ಮಾಂಟೇನ್ 1565ರಲ್ಲಿ ಫ್ರಾನ್ಸ್ವಾಸ್ ಎಂಬುವಳನ್ನು ಮದುವೆಯಾಗಿದ್ದ. 1570ರ ಜೂನಿನಲ್ಲಿ ಅವರಿಗೆ ಮೊದಲ ಮಗಳು ಹುಟ್ಟಿ ಎರಡೇ ತಿಂಗಳಲ್ಲಿ ಹೋಯಿತು. ಮಾಂಟೇನ್ ಈ ಪತ್ರದ ಅನುವಾದವನ್ನು ಹೆಂಡತಿಗೆ ಅರ್ಪಣೆ ಮಾಡಿದ. ತನಗೆ ಸಮಾಧಾನ ಹೇಳಲು ಬರುವುದಿಲ್ಲ, ಪ್ಲುಟಾರ್ಕನೇ ಹೇಳಲಿ ಎಂಬುದು ಅವನ ಭಾವ. ಹಳೆಯ ಗ್ರೀಕನ ಪತ್ರ, ತೀರಿಹೋದ ಗೆಳೆಯನ ಅನುವಾದ, ಮಗು ಕಳೆದುಕೊಂಡ ಹೆಂಡತಿ. ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ಅವರಿಗೆ ಹುಟ್ಟಿದ ಆರು ಹೆಣ್ಣುಮಕ್ಕಳಲ್ಲಿ ಬದುಕಿ ಉಳಿದದ್ದು ಲೆಯೊನೋರ್ ಒಬ್ಬಳೇ.

ಗೋಪುರ

1568ರಲ್ಲಿ ತಂದೆ ತೀರಿಹೋಗಿ ಜಹಗೀರು ಮಾಂಟೇನನ ಕೈಗೆ ಬಂತು. 1570ರಲ್ಲಿ ಅವನು ನ್ಯಾಯಸಭೆಯ ಹುದ್ದೆಯನ್ನು ಬಿಟ್ಟುಕೊಟ್ಟ. 1571ರಲ್ಲಿ ತನ್ನ 38ನೆಯ ಹುಟ್ಟುಹಬ್ಬದಂದು, ಇನ್ನು ಮುಂದೆ ಶಾಂತಿಯಿಂದ ವಿದ್ಯಾದೇವತೆಗಳ ಮಡಿಲಲ್ಲಿ ಇರುತ್ತೇನೆ ಎಂಬರ್ಥದ ಲ್ಯಾಟಿನ್ ಶಾಸನವನ್ನು ತನ್ನ ಓದುವ ಕೋಣೆಯ ಪಕ್ಕದ ಗೋಡೆಯ ಮೇಲೆ ಬರೆಸಿದ.

ಮನೆಯ ಒಂದು ಮೂಲೆಯಲ್ಲಿ ಒಂದು ಗುಂಡಗಿನ ಗೋಪುರ. ಕೆಳಗೆ ಪೂಜಾಸ್ಥಾನ, ನಡುವೆ ಮಲಗುವ ಕೋಣೆ, ಮೇಲೆ ಪುಸ್ತಕಗಳು. ಕೋಣೆಯ ಅಗಲ ಹದಿನಾರು ಹೆಜ್ಜೆ. ಬಾಗಿದ ಗೋಡೆಯುದ್ದಕ್ಕೂ ಐದು ಸಾಲಿನಲ್ಲಿ ಸುಮಾರು ಸಾವಿರ ಪುಸ್ತಕಗಳು. ಮಧ್ಯದಲ್ಲಿ ನಿಂತು ತಿರುಗಿದರೆ ಎಲ್ಲವೂ ಒಂದೇ ನೋಟಕ್ಕೆ ಕಾಣುವಂತೆ. ಮೂರು ಕಡೆ ಕಿಟಕಿ. ಅಲ್ಲಿಂದ ತೋಟ, ಅಂಗಳ, ಕೋಳಿಗಳು, ಆಳುಗಳು ಎಲ್ಲ ಕಾಣುತ್ತಿದ್ದರು. ಮೇಲಿನ ತೊಲೆಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಸೂಕ್ತಿಗಳನ್ನು ಬರೆಸಿದ್ದ. ಕತ್ತೆತ್ತಿದರೆ ಹಳಬರ ಮಾತು, ಕಿಟಕಿಯಲ್ಲಿ ಬಗ್ಗಿದರೆ ಮನೆಯ ಕೋಳಿ. ಅವನ ಬರಹದಲ್ಲೂ ಈ ಎರಡೂ ಬೆರೆತಿವೆ.

ಆದರೆ ಶಾಂತಿ ಸುಲಭವಾಗಿ ಸಿಗಲಿಲ್ಲ. ಹೊರಗೆ ಕ್ಯಾಥೊಲಿಕರಿಗೂ ಪ್ರಾಟೆಸ್ಟಂಟರಿಗೂ 1562ರಿಂದ ಶುರುವಾದ ಅಂತರ್ಯುದ್ಧ. 1572ರ ಆಗಸ್ಟಿನಲ್ಲಿ ಪ್ಯಾರಿಸಿನಲ್ಲೂ ಬೇರೆ ಊರುಗಳಲ್ಲೂ ಸಾವಿರಾರು ಪ್ರಾಟೆಸ್ಟಂಟರ ಕೊಲೆಯಾಯಿತು. ಒಳಗೆ, ಕೆಲಸ ಬಿಟ್ಟು ಕೂತವನ ಮನಸ್ಸು ಹಗ್ಗ ಹರಿದ ಕುದುರೆಯಂತೆ ಎಲ್ಲೆಲ್ಲೋ ಓಡತೊಡಗಿತು. ಆ ಓಟವನ್ನು ಬರೆದಿಟ್ಟು ಅದಕ್ಕೇ ನಾಚಿಕೆ ಬರುವ ಹಾಗೆ ಮಾಡೋಣ ಅಂತ ಅವನು ಲೇಖನಿ ಹಿಡಿದ. ಬರೆದದ್ದಕ್ಕೆ ಎಸ್ಸೇ ಎಂದು ಹೆಸರಿಟ್ಟ. ಫ್ರೆಂಚಿನಲ್ಲಿ ಆ ಶಬ್ದಕ್ಕೆ ಪ್ರಯತ್ನ, ಪರೀಕ್ಷೆ ಮಾಡಿ ನೋಡುವುದು ಎಂಬ ಅರ್ಥ.

ಹಳಬರ ಜೊತೆ ಮಾತು

ಅವನ ಮೊದಮೊದಲ ಪ್ರಬಂಧಗಳು ಚಿಕ್ಕವು. ಹಳೆಯ ಗ್ರಂಥಗಳಿಂದ ನಾಲ್ಕು ಪ್ರಸಂಗ ಹೇಳುವುದು, ಒಂದು ಮಾತು ಸೇರಿಸುವುದು. ನಮ್ಮ ಗೈಡ್ ಪುಸ್ತಕಗಳ ಹಾಗೇ ಅನ್ನಿ. ಬರಬರುತ್ತ ಹಳಬರನ್ನು ತನ್ನ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳತೊಡಗಿದ. ಪುಸ್ತಕಗಳನ್ನು ಕುರಿತ ಒಂದು ಪ್ರಬಂಧದಲ್ಲಿ ತನಗೆ ಯಾರು ಹಿಡಿಸುತ್ತಾರೆ, ಯಾರು ಹಿಡಿಸುವುದಿಲ್ಲ ಎಂದು ಸಂಕೋಚವಿಲ್ಲದೆ ಹೇಳಿದ್ದಾನೆ. ಕವಿಗಳಲ್ಲಿ ವರ್ಜಿಲ್, ಲುಕ್ರೀಷಿಯಸ್, ಕಟಲ್ಲಸ್, ಹೊರೇಸ್ ಮೊದಲ ಸಾಲಿನವರು. ವರ್ಜಿಲನ ಮಹಾಕಾವ್ಯಕ್ಕಿಂತ ಬೇಸಾಯವನ್ನು ಕುರಿತ ಅವನ ಕಾವ್ಯವೇ ಹೆಚ್ಚು ಪರಿಪೂರ್ಣ. ಗದ್ಯದಲ್ಲಿ ಸೆನೆಕ ಮತ್ತು ಪ್ಲುಟಾರ್ಕ್ ಅವನ ನಿತ್ಯದ ಒಡನಾಡಿಗಳು, ಏಕೆಂದರೆ ಅವರು ತುಂಡುತುಂಡಾಗಿ ಬರೆಯುತ್ತಾರೆ, ಎಲ್ಲಿ ಬೇಕಾದರೂ ಹಿಡಿದು ಎಲ್ಲಿ ಬೇಕಾದರೂ ಬಿಡಬಹುದು! ಇನ್ನು ಸಿಸಿರೊ. ಇಡೀ ಯುರೋಪಿನ ಶಾಲೆಗಳು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ಸಿಸಿರೊನ ತತ್ತ್ವಗ್ರಂಥಗಳನ್ನು ಒಂದು ಗಂಟೆ ಓದಿದರೆ, ಕೈಗೆ ಸಿಗುವುದು ಬಹುಮಟ್ಟಿಗೆ ಗಾಳಿಯೇ ಅಂತ ಬರೆದುಬಿಟ್ಟ. ಪೀಠಿಕೆ ಮುಗಿಯುವುದರಲ್ಲಿ ಹಸಿವು ಸತ್ತುಹೋಗುತ್ತದೆ ಎಂಬುದು ಅವನ ದೂರು. ಕಷ್ಟದ ಭಾಗ ಬಂದರೆ ಅವನು ಉಗುರು ಕಚ್ಚುತ್ತ ಕೂರುವುದಿಲ್ಲ. ಒಂದೆರಡು ಸಲ ನೋಡಿ ಮುಂದೆ ಹೋಗುತ್ತಾನೆ. ಇದನ್ನು ಓದಿ ನನಗೆ ಎಷ್ಟು ಧೈರ್ಯ ಬಂತು ಅಂತ ಹೇಳಲಾರೆ.

ಅವನಿಗೆ ಗ್ರೀಕ್ ಸರಿಯಾಗಿ ಬರುತ್ತಿರಲಿಲ್ಲ ಎಂದೆನಲ್ಲ. ಹಾಗಾದರೆ ಗ್ರೀಕಿನವನಾದ ಪ್ಲುಟಾರ್ಕನನ್ನು ಓದಿದ್ದು ಹೇಗೆ? ಅನುವಾದದಲ್ಲಿ. ಜಾಕ್ ಆಮ್ಯೊ ಎಂಬಾತ ಪ್ಲುಟಾರ್ಕನ ಮಹಾಪುರುಷರ ಚರಿತ್ರೆಗಳನ್ನು 1559ರಲ್ಲಿ, ನೀತಿ ಪ್ರಬಂಧಗಳನ್ನು 1572ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ. ಫ್ರೆಂಚ್ ಲೇಖಕರಲ್ಲಿ ಆಮ್ಯೊಗೆ ಮೊದಲ ಮರ್ಯಾದೆ, ಅವನಿಲ್ಲದಿದ್ದರೆ ನಾವು ದಡ್ಡರು ಕೆಸರಿನಲ್ಲೇ ಉಳಿಯುತ್ತಿದ್ದೆವು ಎಂಬ ಕೃತಜ್ಞತೆ ಮಾಂಟೇನನದು. ಮೂಲಭಾಷೆ ಗೊತ್ತಿಲ್ಲದವನಿಗೆ ಮಾತಾಡುವ ಹಕ್ಕಿಲ್ಲ ಅಂತ ಹೇಳುವ ಪಂಡಿತರು ಇದನ್ನು ಗಮನಿಸಬೇಕು.

ಪಂಡಿತರನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ನುಂಗಿದ ಅನ್ನ ನುಂಗಿದ ಹಾಗೇ ಹೊರಗೆ ಬಂದರೆ ಅದು ಅಜೀರ್ಣದ ಗುರುತು. ಪಾಠವೂ ಹಾಗೇ. ಜೇನುಹುಳು ಹತ್ತಾರು ಹೂವಿನಿಂದ ತರುತ್ತದೆ, ಆದರೆ ಜೇನು ಮಾತ್ರ ಅದರದೇ. ಮಕ್ಕಳ ಶಿಕ್ಷಣವನ್ನು ಕುರಿತ ಪ್ರಬಂಧದಲ್ಲಿ ಇದನ್ನೇ ವಿಸ್ತರಿಸಿದ್ದಾನೆ. ತನ್ನ ಗ್ರಂಥದಲ್ಲಿ ಹಳಬರ ಸಾವಿರಕ್ಕೂ ಮೇಲ್ಪಟ್ಟು ಮಾತುಗಳನ್ನು ಸೇರಿಸಿದರೂ, ಕೆಲವು ಕಡೆ ಬೇಕೆಂದೇ ಹೆಸರು ಹೇಳದೆ ಬಿಟ್ಟ. ಟೀಕಾಕಾರರು ಮಾಂಟೇನನ ಮೂಗಿಗೆ ಹೊಡೆಯುತ್ತೇವೆಂದು ಹೋಗಿ ಪ್ಲುಟಾರ್ಕನ ಮೂಗಿಗೆ ಹೊಡೆಯಲಿ, ಸೆನೆಕನನ್ನು ಬೈದು ಬೇಸ್ತು ಬೀಳಲಿ ಎಂಬ ತಮಾಷೆ!

ಅವನ ಮರೆವು ವಿಪರೀತ. ಒಮ್ಮೆ ಓದಿದ ಪುಸ್ತಕವನ್ನೇ ಹೊಸದೆಂದು ಮತ್ತೆ ಎತ್ತಿಕೊಳ್ಳುತ್ತಿದ್ದ. ಅದಕ್ಕಾಗಿ ಪುಸ್ತಕದ ಕೊನೆಯಲ್ಲಿ ಮುಗಿಸಿದ ತಾರೀಖು, ಲೇಖಕನ ಬಗ್ಗೆ ತನಗೆ ಬಂದ ಅಭಿಪ್ರಾಯ ಬರೆದಿಡುವ ಅಭ್ಯಾಸ ಮಾಡಿಕೊಂಡ. ನಮ್ಮ ತರಗತಿಯವರು ಕೇಳಬೇಕಾದ ಇನ್ನೊಂದು ಸಂಗತಿ ಇದೆ. ವ್ಯಾಪಾರಿಗಳ ಮರಿಮಗನಾದ ಅವನಿಗೆ ಲೆಕ್ಕ ಬರುತ್ತಿರಲಿಲ್ಲ! ಮಣಿ ಇಟ್ಟೂ ಬರದು, ಬರೆದೂ ಬರದು. ನಾಣ್ಯಗಳ ಗುರುತು ಸಿಗದು. ಧಾನ್ಯಗಳ ವ್ಯತ್ಯಾಸ ತಿಳಿಯದು. ರೊಟ್ಟಿಯ ಹಿಟ್ಟಿಗೆ ಹುಳಿ ಯಾಕೆ ಬೆರೆಸುತ್ತಾರೆ ಎಂಬುದೂ ಗೊತ್ತಿರಲಿಲ್ಲವೆಂದು ತಾನೇ ಒಪ್ಪಿಕೊಂಡಿದ್ದಾನೆ. ಅವನ ತಂದೆ ಮನೆಯ ಆಗುಹೋಗುಗಳನ್ನೆಲ್ಲ ದಿನದಿನಕ್ಕೆ ಬರೆಸಿಡುತ್ತಿದ್ದ. ಆ ಒಳ್ಳೆಯ ಪದ್ಧತಿಯನ್ನು ಮುಂದುವರಿಸದೆ ತಾನು ಮೂರ್ಖನಾದೆ ಎಂದು ಮಗ ಹಲುಬಿದ್ದಾನೆ. ಆದರೆ ಅವನ ಪ್ರಬಂಧಗಳನ್ನು ನೋಡಿದರೆ, ತಂದೆ ಮನೆಯ ಲೆಕ್ಕ ಬರೆಸಿದ, ಮಗ ಮನಸ್ಸಿನ ಲೆಕ್ಕ ಬರೆದ ಅಂತ ಹೇಳಬಹುದು.

ಮೊದಲ ಎರಡು ಸಂಪುಟಗಳು 1580ರಲ್ಲಿ ಬೋರ್ಡೋದಲ್ಲಿ ಅಚ್ಚಾದವು.

ಯಾವ ಭಾಷೆಯಲ್ಲಿ ಬರೆಯುವುದು?

ಆ ಕಾಲದಲ್ಲಿ ಹಳೆಯ ಗ್ರಂಥಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಲ್ಯಾಟಿನ್ನಿನಲ್ಲೇ ಬರೆಯುತ್ತಿದ್ದರು. ಇಡೀ ಯುರೋಪು ಓದುತ್ತದೆ, ಹೆಸರು ಉಳಿಯುತ್ತದೆ. ಮಾಂಟೇನನಷ್ಟು ಸಹಜವಾಗಿ ಆ ಭಾಷೆ ಬಂದವರು ಬೇರೆ ಯಾರಿದ್ದರು? ಆದರೂ ಅವನು ಫ್ರೆಂಚಿನಲ್ಲಿ ಬರೆದ. ತನ್ನ ಪುಸ್ತಕ ಕೆಲವೇ ಜನರಿಗೆ, ಕೆಲವೇ ವರ್ಷಗಳಿಗೆ ಬರೆದದ್ದು, ಬಹುಕಾಲ ಬಾಳಬೇಕಾಗಿದ್ದರೆ ಇನ್ನೂ ಗಟ್ಟಿಯಾದ ಭಾಷೆಗೆ ಒಪ್ಪಿಸಬೇಕಾಗಿತ್ತು, ನಮ್ಮ ಭಾಷೆಯಂತೂ ದಿನದಿನಕ್ಕೆ ಕೈಜಾರಿ ಬದಲಾಗುತ್ತಿದೆ ಎಂದು ಸಲೀಸಾಗಿ ಹೇಳಿದ. ನಾನೂರು ವರ್ಷಕ್ಕೂ ಮಿಕ್ಕಿ ಆಯಿತು, ಆ ಪುಸ್ತಕ ಇನ್ನೂ ಅಚ್ಚಾಗುತ್ತಿದೆ.

ಹಾಗಂತ ಲ್ಯಾಟಿನ್ ಅವನನ್ನು ಬಿಟ್ಟುಹೋಯಿತೇ? ಇಲ್ಲ. ಒಮ್ಮೆ ಗಟ್ಟಿಮುಟ್ಟಾಗಿದ್ದ ತಂದೆ ಇದ್ದಕ್ಕಿದ್ದಂತೆ ಮೂರ್ಛೆ ಹೋಗಿ ಇವನ ಮೈಮೇಲೆ ಬಿದ್ದ. ಆ ಗಾಬರಿಯಲ್ಲಿ ಇವನ ಬಾಯಿಂದ ಹೊರಟ ಮೊದಲ ಶಬ್ದಗಳು ಲ್ಯಾಟಿನ್ನಿನವು. ಹಾಗೆ ನೋಡಿದರೆ ಅವನು ಆ ಭಾಷೆಯನ್ನು ಆಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಕಾಲು ತುಳಿಸಿಕೊಂಡಾಗ ನಮ್ಮ ಬಾಯಿಂದ ಅಯ್ಯೋ ಅಮ್ಮಾ ಅಂತ ತಾನೇ ಬರೋದು? ಭಾಷೆ ಎಲ್ಲಿ ಬೇರು ಬಿಟ್ಟಿದೆ ಅಂತ ಗೊತ್ತಾಗುವುದು ಅಂಥ ಹೊತ್ತಿನಲ್ಲಿ. ಬೇರು ಲ್ಯಾಟಿನ್ನಿನಲ್ಲಿದ್ದರೂ ಅವನು ಹಣ್ಣು ಕೊಟ್ಟದ್ದು ಅಕ್ಕಪಕ್ಕದವರ ಭಾಷೆಯಲ್ಲಿ.

ರೋಮ್, ಅಧಿಕಾರ ಮತ್ತು ಪಿಡುಗು

1578ರಿಂದ ಅವನಿಗೆ ಮೂತ್ರಪಿಂಡದ ಕಲ್ಲಿನ ಬಾಧೆ ಶುರುವಾಯಿತು. ತಂದೆಯಿಂದ ಬಂದ ಕಾಯಿಲೆ. ಬಿಸಿನೀರಿನ ಊಟೆಗಳಲ್ಲಿ ಗುಣವಾದೀತೆಂದು 1580ರಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ಪ್ರವಾಸ ಹೊರಟ. ರೋಮ್ ಅವನಿಗೆ ಪರ ಊರಲ್ಲ. ಪ್ಯಾರಿಸಿನ ಅರಮನೆಗಿಂತ ಮೊದಲು ರೋಮಿನ ಕ್ಯಾಪಿಟಲ್ ಗುಡ್ಡ, ಸೇನ್ ನದಿಗಿಂತ ಮೊದಲು ಟೈಬರ್ ನದಿ ಅವನ ಮನಸ್ಸಿನಲ್ಲಿದ್ದವು. ಊರ ಬಾಗಿಲಲ್ಲಿ ಅಧಿಕಾರಿಗಳು ಅವನ ಪುಸ್ತಕಗಳನ್ನೆಲ್ಲ ತಪಾಸಣೆಗೆ ಒಯ್ದರು. ಅವನದೇ ಪ್ರಬಂಧಗಳಲ್ಲೂ ತಪ್ಪು ಹುಡುಕಿದರು. ಅದೃಷ್ಟ ಎಂಬ ಶಬ್ದವನ್ನು ಬಳಸಿದ್ದು, ಹಳೆಯ ಧರ್ಮಕ್ಕೆ ಮರಳಿದ ರೋಮನ್ ಚಕ್ರವರ್ತಿ ಜೂಲಿಯನನನ್ನು ಸಮರ್ಥಿಸಿದ್ದು ಇವೆಲ್ಲ ಆಕ್ಷೇಪಣೆಗಳು. ಕೊನೆಗೆ ತಿದ್ದುವುದನ್ನು ಅವನ ವಿವೇಕಕ್ಕೇ ಬಿಟ್ಟರು. ಅವನು ತಿದ್ದಲಿಲ್ಲ. 1581ರಲ್ಲಿ ರೋಮಿನ ಪೌರತ್ವದ ಪತ್ರ ಸಿಕ್ಕಿತು. ಅದು ಬರೀ ಬಿರುದು, ಪ್ರಯೋಜನ ಏನೂ ಇಲ್ಲ ಅಂತ ಗೊತ್ತಿದ್ದರೂ ಖುಷಿಪಟ್ಟು, ಇಡೀ ಪತ್ರವನ್ನು ಒಂದು ಪ್ರಬಂಧದಲ್ಲಿ ಸೇರಿಸಿದ. ಆ ಪ್ರಬಂಧದ ವಿಷಯ ಮನುಷ್ಯನ ಒಣಜಂಭ!

ಇಟಲಿಯಲ್ಲಿದ್ದಾಗಲೇ ಅವನನ್ನು ಬೋರ್ಡೋ ನಗರದ ಮೇಯರನ್ನಾಗಿ ಆರಿಸಿದ ಸುದ್ದಿ ಬಂತು. ಮನಸ್ಸಿಲ್ಲದಿದ್ದರೂ ದೊರೆಯ ಆಜ್ಞೆಗೆ ಒಪ್ಪಿ ಹಿಂದಿರುಗಿದ. 1583ರಲ್ಲಿ ಎರಡನೆಯ ಸಲವೂ ಆರಿಸಿದರು. ಎರಡು ಕಡೆಯವರೂ ಅವನನ್ನು ಸಂಶಯದಿಂದ ನೋಡುತ್ತಿದ್ದರು, ಎರಡು ಕಡೆಯವರಿಗೂ ಸಂಧಾನಕ್ಕೆ ಅವನೇ ಬೇಕಾಗಿತ್ತು. 1585ರಲ್ಲಿ ಅಧಿಕಾರ ಮುಗಿಯುವ ಹೊತ್ತಿಗೆ ಊರಿಗೆ ಪ್ಲೇಗ್ ಬಂತು. ಹೊಸಬನಿಗೆ ಅಧಿಕಾರ ಒಪ್ಪಿಸಲು ಅವನು ನಗರದೊಳಕ್ಕೆ ಬರಲಿಲ್ಲ. ಇದಕ್ಕಾಗಿ ಅವನನ್ನು ಆಮೇಲೆ ಎಷ್ಟೋ ಜನ ದೂರಿದ್ದಾರೆ. ನನಗೂ ಇದು ಹಿಡಿಸಲಿಲ್ಲ. ಗೆಳೆಯನ ಹಾಸಿಗೆಯ ಪಕ್ಕ ಕದಲದೆ ಕೂತವನು ಇವನೇ ತಾನೆ?

ಪ್ಲೇಗ್ ಅವನ ಹಳ್ಳಿಗೂ ಬಂತು. ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಆರು ತಿಂಗಳು ಊರೂರು ಅಲೆದ. ಯಾರೂ ಒಳಗೆ ಸೇರಿಸುತ್ತಿರಲಿಲ್ಲ. ಅವನ ಸೀಮೆಯಲ್ಲಿ ದ್ರಾಕ್ಷಿ ಕೀಳುವವರಿಲ್ಲದೆ ಬಳ್ಳಿಯಲ್ಲೇ ನೇತಾಡುತ್ತಿತ್ತು. ಅಕ್ಷರ ಅರಿಯದ ರೈತರು ಗೋಳಾಡದೆ ಸಾಯುತ್ತಿದ್ದರು. ಕೆಲವರು ಮೈಯಲ್ಲಿ ಶಕ್ತಿ ಇರುವಾಗಲೇ ತಮ್ಮ ಗುಂಡಿ ತಾವೇ ತೋಡಿಕೊಳ್ಳುತ್ತಿದ್ದರು.

ಅವನ ಓದಿನ ದೊಡ್ಡ ತಿರುವು ಇದೇ. ಯೌವನದಲ್ಲಿ ಅವನಿಗೆ ಆದರ್ಶವಾಗಿದ್ದದ್ದು ರೋಮಿನ ಕೇಟೊ. ಸೀಸರನಿಗೆ ತಲೆಬಾಗದೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡ ವೀರ. ತತ್ತ್ವಶಾಸ್ತ್ರ ಓದುವುದೆಂದರೆ ಸಾಯುವುದನ್ನು ಕಲಿಯುವುದು ಎಂದು ಸೆನೆಕನನ್ನೆಲ್ಲ ಅರೆದು ಕುಡಿದು ಬರೆದಿದ್ದ. ಈಗ ಅಂಚಿನ ಹೊಲದ ರೈತ, ಸೆನೆಕನ ಹೆಸರನ್ನೇ ಕೇಳದವನು, ಸೆನೆಕ ಬೆವರು ಸುರಿಸಿ ಹೇಳಿದ್ದನ್ನು ಸುಮ್ಮನೆ ಮಾಡಿ ತೋರಿಸುತ್ತಿದ್ದ. ಹಾಗಾದರೆ ಪುಸ್ತಕವೆಲ್ಲ ವ್ಯರ್ಥವೇ? ಆ ಪ್ರಶ್ನೆ ಇಟ್ಟುಕೊಂಡು ಬರೆದ ಪ್ರಬಂಧದಲ್ಲಿ ಅವನು ಪುಸ್ತಕಗಳನ್ನು ಎಸೆಯಲಿಲ್ಲ, ಅವುಗಳಲ್ಲೇ ಇನ್ನೊಬ್ಬನನ್ನು ಹುಡುಕಿಕೊಂಡ. ಅವನು ಸಾಕ್ರೆಟೀಸ್. ಗಾಡಿ ಹೊಡೆಯುವವರು, ಬಡಗಿಗಳು, ಚಮ್ಮಾರರು ಇವರ ಮಾತಿನಲ್ಲೇ ತತ್ತ್ವ ಹೇಳಿದವನು. ಕೇಟೊ ಯಾವಾಗಲೂ ಎತ್ತರದ ಕುದುರೆಯ ಮೇಲೆ. ಸಾಕ್ರೆಟೀಸ್ ನೆಲದ ಮೇಲೆ ನಡೆಯುವವನು, ಮುದುಕನಾದ ಮೇಲೂ ಕುಣಿತ, ವಾದ್ಯ ಕಲಿಯಲು ಹೊತ್ತು ಮಾಡಿಕೊಂಡವನು. ಇಪ್ಪತ್ತು ವರ್ಷ ಗ್ರಂಥ ತಿರುವಿ ಹಾಕಿ ಮಾಂಟೇನ್ ತಲುಪಿದ್ದು ತನ್ನ ಕಿಟಕಿಯ ಕೆಳಗಿದ್ದ ಜನರ ಹತ್ತಿರಕ್ಕೆ. ಮಗುವಾಗಿದ್ದಾಗ ತಂದೆ ಬಡವರ ಮನೆಗೆ ಕಳಿಸಿದ್ದು ಸುಮ್ಮನೆ ಹೋಗಲಿಲ್ಲ.

ಕೊನೆಯ ದಿನಗಳು

ಮೂರನೆಯ ಸಂಪುಟ ಸೇರಿದ ಆವೃತ್ತಿ 1588ರಲ್ಲಿ ಪ್ಯಾರಿಸಿನಲ್ಲಿ ಹೊರಬಂತು. ಆ ವರ್ಷ ಅವನನ್ನು ಬಾಸ್ತೀಯ್ ಸೆರೆಮನೆಗೆ ಹಾಕಿ, ರಾಜಮಾತೆಯ ಮಾತಿನ ಮೇಲೆ ಅದೇ ದಿನ ಬಿಟ್ಟರು. ಅಲ್ಲೇ ಮಾರಿ ದ ಗೂರ್ನೆ ಎಂಬ ತರುಣಿಯ ಪರಿಚಯವಾಯಿತು. ಲ್ಯಾಟಿನ್ನನ್ನು ಗುರುವಿಲ್ಲದೆ ತಾನೇ ಕಲಿತವಳು. ಅವಳನ್ನು ಅವನು ಮಗಳೆಂದು ಭಾವಿಸಿದ.

ಅಚ್ಚಾದ ಪುಸ್ತಕದ ಅಂಚುಗಳಲ್ಲಿ ಅವನು ಸಾಯುವವರೆಗೂ ಸೇರಿಸುತ್ತಲೇ ಹೋದ. ಆ ಪ್ರತಿ ಬೋರ್ಡೋದಲ್ಲಿ ಇಂದಿಗೂ ಇದೆ. ಗೆಳೆತನವನ್ನು ಕುರಿತ ಪ್ರಬಂಧದಲ್ಲಿ, ಲಾ ಬೊಯೆಸಿ ತನಗೆ ಯಾಕೆ ಅಷ್ಟು ಪ್ರಿಯನಾಗಿದ್ದ ಎಂಬುದನ್ನು ಮಾತಿನಲ್ಲಿ ಹೇಳಲಾರೆ ಎಂದು ಮೊದಲು ಬರೆದು ಬಿಟ್ಟಿದ್ದ. ಎಷ್ಟೋ ವರ್ಷದ ಮೇಲೆ ಅಂಚಿನಲ್ಲಿ ಸಣ್ಣ ಉತ್ತರ ಸೇರಿಸಿದ. ಅವನು ಅವನಾಗಿದ್ದುದರಿಂದ ಎಂದು ಒಮ್ಮೆ, ತಾನು ತಾನಾಗಿದ್ದುದರಿಂದ ಎಂದು ಬೇರೆ ಶಾಯಿಯಲ್ಲಿ ಇನ್ನೊಮ್ಮೆ. ಆ ಎರಡು ತುಂಡು ಸಿಗಲು ಸುಮಾರು ಇಪ್ಪತ್ತೈದು ವರ್ಷ ಹಿಡಿಯಿತು.

1592ರ ಸೆಪ್ಟೆಂಬರ್ 13ರಂದು ಗಂಟಲ ಬಾವಿನಿಂದ ಮಾತು ನಿಂತು, ತನ್ನ ಕೋಣೆಯಲ್ಲೇ ಪೂಜೆ ನಡೆಯುತ್ತಿದ್ದಾಗ ಅವನು ತೀರಿಕೊಂಡ. ಆಗ 59 ವರ್ಷ. ಅಂಚಿನ ಬರಹವನ್ನೆಲ್ಲ ಸೇರಿಸಿ ಮಾರಿ ದ ಗೂರ್ನೆ 1595ರಲ್ಲಿ ಹೊಸ ಆವೃತ್ತಿ ತಂದಳು. 1603ರಲ್ಲಿ ಜಾನ್ ಫ್ಲೋರಿಯೊ ಇಂಗ್ಲಿಷಿಗೆ ಅನುವಾದಿಸಿದ. ಷೇಕ್ಸ್‌ಪಿಯರನೂ ಅದನ್ನು ಓದಿ ತನ್ನ ‘ಟೆಂಪೆಸ್ಟ್’ ನಾಟಕದಲ್ಲಿ ಬಳಸಿಕೊಂಡ. 1885ರಲ್ಲಿ ಮನೆ ಬೆಂಕಿಗೆ ಆಹುತಿಯಾಯಿತು, ಗೋಪುರ ಮಾತ್ರ ಉಳಿದಿದೆ.

ನಮಗೇನು?

ಅವನು ಹಚ್ಚಿದ ದೀಪ ದೂರದ ದಾರಿ ಹಿಡಿದು ಕನ್ನಡಕ್ಕೂ ಬಂದಿದೆ. ಇಂಗ್ಲಿಷ್ ಪ್ರಬಂಧಕಾರರನ್ನು ಓದಿದ ಎ. ಎನ್. ಮೂರ್ತಿರಾಯರಂಥವರು ಕನ್ನಡದಲ್ಲಿ ಲಲಿತ ಪ್ರಬಂಧವನ್ನು ಬೆಳೆಸಿದರು. ಗ್ರೀಕ್ ಗ್ರಂಥಗಳೂ ಬಂದಿವೆ. ಬಿ. ಎಂ. ಶ್ರೀಕಂಠಯ್ಯನವರು ಸಾಫೊಕ್ಲೀಸನ ಅಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ತಂದು ‘ಅಶ್ವತ್ಥಾಮನ್’ ಮಾಡಿದರು, ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಅನುವಾದಿಸಿದರು. ಇಂಗ್ಲಿಷ್ ಪ್ರೊಫೆಸರಾಗಿ ಸಂಬಳ ಪಡೆದವರು, ಓದಿದ್ದನ್ನು ಮನೆಯವರಿಗೆ ಮನೆಮಾತಿನಲ್ಲಿ ಹೇಳಿದರು. ಮಾಂಟೇನನೂ ಮಾಡಿದ್ದು ಅದನ್ನೇ.

ನನ್ನ ಇಂಗ್ಲಿಷ್ ಉಚ್ಚಾರ ಈಗಲೂ ಸುಧಾರಿಸಿಲ್ಲ. ಆದರೆ ಕಳೆದ ತಿಂಗಳು ತರಗತಿಯಲ್ಲಿ ಎಕನಾಮಿಕ್ಸ್ ಶಬ್ದ ಎಲ್ಲಿಂದ ಬಂತು ಎಂಬ ಮಾತು ಬಂದಾಗ ಎದ್ದು ನಿಂತು ಜೆನೊಫನನ ವಿಷಯ ಹೇಳಿದೆ. ಹಿಂದಿನ ಬೆಂಚಿನವರು ನಕ್ಕರೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ.

ನಮ್ಮ ತಂದೆಯವರು ಕ್ಯಾಂಟೀನ್ ಕೆಲಸ ಮುಗಿಸಿ ಬಂದು ರಾತ್ರಿ ಜಮಾಖರ್ಚಿನ ವಹಿ ಬರೆಯುತ್ತಾರೆ. ಹಳೆಯ ವಹಿಯೊಂದರಲ್ಲಿ ಖಾಲಿ ಹಾಳೆಗಳು ಉಳಿದಿದ್ದವು, ಅದನ್ನು ಕೇಳಿ ಇಸಿದುಕೊಂಡೆ. ಲೈಬ್ರರಿ ಪುಸ್ತಕದಲ್ಲಿ ಬರೆಯುವ ಹಾಗಿಲ್ಲವಲ್ಲ, ಅದಕ್ಕೆ ಓದಿ ಮುಗಿಸಿದ ಪುಸ್ತಕದ ಹೆಸರು, ತಾರೀಖು, ನನಗೆ ಏನನ್ನಿಸಿತು ಎಂಬುದನ್ನು ಅದರಲ್ಲಿ ಬರೆಯುತ್ತಿದ್ದೇನೆ, ಕನ್ನಡದಲ್ಲಿ. ಮೊದಲ ಪುಟದಲ್ಲಿರುವ ಹೆಸರು ಮಾಂಟೇನನದು. ಎದುರು ಪುಟದಲ್ಲಿ ತಂದೆಯವರ ಕೈಬರಹದಲ್ಲಿ ಹಾಲು, ಸಕ್ಕರೆ, ಚಹಾಪುಡಿಯ ಲೆಕ್ಕ ಇದೆ.